ಏಳು ಫರ್ಸಿ ಎತ್ತರ

ವಾಡಿ ಜಂಕ್ಷನ್

ನಾನು ಆಫ್ರಿಕಾಕ್ಕೆ ಹೋಗಿ ಬಂದವನು ಎಂಬುದು ಶಹಾಬಾದಿನಲ್ಲಿ ಎಲ್ಲರಿಗೂ ಗೊತ್ತು. ಹೊಸಬರು ಯಾರಾದರೂ ಬಂದರೆ ಚಹಾದಂಗಡಿಯಲ್ಲಿ ನನ್ನ ಕಡೆ ಬೆರಳು ಮಾಡಿ, ಇವರು ಜಿರಾಫೆಯನ್ನು ಬಯಲಲ್ಲೇ ನೋಡಿ ಬಂದವರು ಎನ್ನುತ್ತಾರೆ. ನಾನು ತಲೆಯಾಡಿಸಿ ಮಾತನ್ನು ಮಳೆಯ ಕಡೆಗೋ ತೊಗರಿಯ ಕಡೆಗೋ ತಿರುಗಿಸುತ್ತೇನೆ. ಈಗ ನಮ್ಮ ಓಣಿಯ ಮಾಸ್ತರರು ಹಾಳೆ ಕೊಟ್ಟು ಕೂರಿಸಿದ್ದಾರೆ. ನೋಡಿದ್ದನ್ನು ಬರೆಯಿರಿ, ಓದಿದವರು ಖುಷಿಪಡುತ್ತಾರೆ ಎಂದರು. ಖುಷಿಯ ಮಾತು ನನ್ನಲ್ಲಿಲ್ಲ. ನೋಡಿದ್ದನ್ನು ಮಾತ್ರ ಬರೆಯಬಲ್ಲೆ.

ನಾನು ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟವನು. ನಿಜಾಮರ ಕಾಲದ ಶಾಲೆ, ಓದು ಉರ್ದುವಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಕಲ್ಲಿನ ಮೇಲೆ. ಜನ ಮನೆಯ ಹೊಸ್ತಿಲಿಗೆ, ಬಾವಿಯ ಕಟ್ಟೆಗೆ ಹೆಸರು ಕೊರೆಸುತ್ತಿದ್ದರು; ಕೊರೆದು ಕೊರೆದು ಓದಲು ಬಂತು. ಒಂದು ಒತ್ತಕ್ಷರ ತಪ್ಪಿದರೆ ಇಡೀ ಕಲ್ಲು ಹಾಳು. ಹೀಗಾಗಿ ಬಿ.ಎ. ಮಾಡಿದವರ ಬರಹದಲ್ಲಿ ತಪ್ಪು ಸಿಕ್ಕೀತು, ನನ್ನದರಲ್ಲಿ ಸಿಗುವುದು ಕಷ್ಟ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ, ಹೌದು. ಜಂಬದ ಕಥೆಯನ್ನೇ ಮುಂದೆ ಹೇಳಬೇಕಾಗಿದೆ.

ನನ್ನ ಕಸುಬು ಫರ್ಸಿ ಹಾಸುವುದು. ನಮ್ಮ ನೆಲದಡಿಯಲ್ಲಿ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಅದನ್ನು ಎಬ್ಬಿಸಿ, ಎರಡಡಿ ಚೌಕ ಕಡಿದು, ಉಜ್ಜಿದರೆ ಮನೆಯ ನೆಲವಾಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಮೂರು ತಲೆಮಾರಿನಿಂದ ನೆಲೆಸಿದ್ದ ಒಬ್ಬ ಗುಜರಾತಿ ಸೇಠರು ಹೈದರಾಬಾದಿಗೆ ಮದುವೆಗೆ ಬಂದಾಗ ನಾನು ಹಾಸಿದ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದರಂತೆ. ಕಾಡಿನ ಅಂಚಿನಲ್ಲಿ ಅವರದೊಂದು ಲಾಡ್ಜು. ಅದರ ಜಗುಲಿಯ ಮುಂದೆ ಒಂದು ನೀರಿನ ಹೊಂಡ. ಅತಿಥಿಗಳು ಕುರ್ಚಿಯಲ್ಲಿ ಕುಳಿತು, ಪ್ರಾಣಿಗಳು ನೀರು ಕುಡಿಯುವುದನ್ನು ನೋಡಬೇಕು. ಹೊಂಡದ ಸುತ್ತ ಕೆಸರಾಗುತ್ತದೆ, ಅಲ್ಲಿಗೆ ಇದೇ ಕಲ್ಲು ಬೇಕು, ಹಾಸಲು ಇದೇ ಕೈ ಬೇಕು ಎಂದರು.

ಜೊತೆಗೆ ಬಂದವನು ಭೀಮಶಾ. ಸೇಡಂ ತಾಲೂಕಿನ ಆಡಕಿಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಹೀಗಾಗಿ ನನಗೆ ಭೀಮಣ್ಣ. ನಾನು ಹಾಸುವವನು, ಅವನು ಉಜ್ಜುವವನು. ಇಪ್ಪತ್ತು ವರ್ಷದ ಜೋಡಿ. ಅವನ ಹೆಂಡತಿ ನಾಗಮ್ಮ ವೈನಿ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹೊತ್ತು ವಾಡಿ ಸ್ಟೇಷನ್ನಿನವರೆಗೆ ಬಂದಿದ್ದಳು. ಅಳಲಿಲ್ಲ. ರೈಲು ಅಲುಗುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು ಒಂದೇ ಕೆಲಸ ಒಪ್ಪಿಸಿದಳು.

"ಅಲ್ಲಿ ಉದ್ದ ಕುತಗಿ ಪ್ರಾಣಿ ಇರ್ತಾವಂತ, ಮಾಳಗಿ ಮ್ಯಾಲಿಂದ ಇಣುಕಿ ನೋಡ್ತಾವಂತ. ಎಷ್ಟ್ ಎತ್ತರ ಅಂತ ಖರೇ ಅಳತಿ ತಗೊಂಡ್ ಬರ್ರಿ ಮೌಲಾಸಾಬ. ಇವರ ಮಾತ್ ನಂಬಂಗಿಲ್ಲ ನಾ."

ಹಡಗು

ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ಪಾಸ್‌ಪೋರ್ಟಿನಲ್ಲೂ ಹಾಗೇ ಇತ್ತು. ಮುಂಬಯಿ ಬಂದರಿನ ಗುಮಾಸ್ತನಿಂದ ಹಿಡಿದು ಹಡಗಿನ ಅಡುಗೆಯವನವರೆಗೆ ಎಲ್ಲರೂ ಅರಮನೆಯ ದೀಪಗಳ ಬಗ್ಗೆ ಕೇಳಿದರು. ನಾನು ಮೈಸೂರು ಕಂಡವನಲ್ಲ. ಮೊದಲ ಮೂವರಿಗೆ ನಿಜ ಹೇಳಿದೆ. ಆಮೇಲಿನವರಿಗೆ ದೀಪ ಭಾಳ ಛಂದ ಎಂದುಬಿಟ್ಟೆ.

ನಮಗೆ ಸಿಕ್ಕಿದ್ದು ಕೆಳಗಿನ ಅಂತಸ್ತು. ಅದರ ಕೆಳಗಿನ ಕೋಣೆಯಲ್ಲಿ ನಮ್ಮ ಫರ್ಸಿಗಳಿದ್ದವು, ಒಂದಕ್ಕೊಂದು ತಾಗದಂತೆ ನಡುವೆ ಜೋಳದ ಕಣಿಕೆ ತುಂಬಿ ಪೆಟ್ಟಿಗೆಗೆ ಹಾಕಿದ್ದೆವು. ಭೀಮಣ್ಣ ಎರಡು ದಿನ ವಾಂತಿ ಮಾಡಿ ಮೂರನೆಯ ದಿನ ಎದ್ದು ಕುಳಿತು, ಕೆಳಗೆ ನಮ್ಮೂರ ನೆಲ ಇದೆ, ನಾವು ಅದರ ಮೇಲೇ ಮಲಗಿದ್ದೇವೆ, ಇನ್ನು ಯಾಕೆ ಹೆದರಬೇಕು ಎಂದ. ಆ ಮಾತಿನಿಂದ ನನಗೂ ನಿದ್ದೆ ಬಂತು.

ಮೊಂಬಾಸಾ

ಬಂದರಿನ ಅಧಿಕಾರಿಯೊಬ್ಬ ಪೆಟ್ಟಿಗೆ ಒಡೆಸಿ ಕಣಿಕೆಯನ್ನು ಮೂಸಿ ನೋಡಿದ. ಹುಳು ಇದ್ದೀತು, ಪರದೇಶದ ಹುಲ್ಲು ಒಳಗೆ ಬಿಡುವ ಹಾಗಿಲ್ಲ ಎಂದ. ಒಂದೊಂದು ಕಲ್ಲನ್ನೂ ಹೊರಗೆ ತೆಗೆದು ಕಣಿಕೆಯನ್ನೆಲ್ಲ ರಾಶಿ ಹಾಕಿ ಬೆಂಕಿ ಹಚ್ಚಿದರು. ಆ ಹೊಗೆಯ ವಾಸನೆ ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಏಳುವ ವಾಸನೆಯೇ. ಸಮುದ್ರದ ಪಕ್ಕ ನಿಂತು ಇಬ್ಬರೂ ಅದನ್ನು ಮೂಸಿದೆವು. ಕಲ್ಲಿಗೆ ಹೊದಿಕೆ ಇಲ್ಲದೆ ಆಮೇಲೆ ಲಾರಿಯಲ್ಲಿ ಎಷ್ಟೋ ಫರ್ಸಿ ಮೂಲೆ ಮುರಿದವು.

ಅಲ್ಲಿನ ಜನರ ಒಂದು ರೀತಿ ನನಗೆ ಹಿಡಿಸಿತು. ಏನು ಕೇಳಬೇಕಾದರೂ ಮೊದಲು ಮೈ ಹೇಗಿದೆ, ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂದು ಪೂರಾ ಕೇಳಿ ಮುಗಿಸಬೇಕು. ದಾರಿ ಕೇಳಲು ಹೋದರೆ ಹತ್ತು ನಿಮಿಷ. ನಮ್ಮ ಕಡೆಯೂ ಹೀಗೇ ಇತ್ತು, ಸಿಮೆಂಟ್ ಕಾರ್ಖಾನೆಯ ಭೋಂಗಾ ಕೂಗತೊಡಗಿದ ಮೇಲೆ ಹೋಯಿತು. ಅವರ ಭಾಷೆಯಲ್ಲಿ ನನಗೆ ಗೊತ್ತಿರುವ ಮಾತು ಸುಮಾರಿದ್ದವು. ಚಾಯ್ ಎಂದರೆ ಚಾಯ್, ಸಾಬೂನು ಸಾಬೂನೇ, ದುನಿಯಾ ದುನಿಯಾವೇ. ನಮ್ಮ ದಖನಿ ಮನೆಯಿಂದ ಯಾರೋ ಮೊದಲೇ ಬಂದು ಹೋದಂತಿತ್ತು. ಕೈಕಸುಬಿನವನನ್ನು ಅವರು ಫುಂಡಿ ಎನ್ನುತ್ತಾರೆ. ಹೆಸರು ಕೇಳದೆ ಎಲ್ಲರೂ ನನ್ನನ್ನು ಫುಂಡಿ ಎಂದೇ ಕರೆದರು. ಊರಲ್ಲಿ ಯಾರಾದರೂ ಏ ಗೌಂಡಿ ಎಂದು ಕೂಗಿದರೆ ನಾನು ತಿರುಗಿ ನೋಡುವವನಲ್ಲ. ಅಲ್ಲಿ ಮಾತ್ರ ಆ ಮಾತಿಗೆ ಎದೆ ಉಬ್ಬುತ್ತಿತ್ತು.

ಲಾಡ್ಜು

ಪಟ್ಟೆ ಕುದುರೆಗಳನ್ನು ಕಂಡಾಗ ಭೀಮಣ್ಣ, ಕಾರಹುಣ್ಣಿಮೆಗೆ ಎತ್ತಿಗೆ ಬಣ್ಣ ಹಚ್ಚುವ ಯಾರೋ ಇಲ್ಲೂ ಇದ್ದಾನೆ, ಅವನಿಗೆ ಕೈಯಲ್ಲಿ ಬೇರೆ ಕೆಲಸ ಇಲ್ಲ ಎಂದ. ನಾವು ಲಾರಿಯಿಂದ ಇಳಿದಾಗ ಸಾಮಾನು ಇಳಿಸಿಕೊಂಡವನು ಮುಟುವಾ. ಕಾಡಿನ ಕಾವಲುಗಾರ, ನನ್ನ ವಯಸ್ಸಿನವನು, ಹೆಗಲಿಗೆ ಬಂದೂಕು, ಮಾತು ಕಡಿಮೆ. ನನ್ನ ಮುರುಕು ಮಾತು ಅವನಿಗೆ, ಅವನ ಮಾತು ನನಗೆ ಅರ್ಧ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಕೈಯಲ್ಲಿ ಹೇಳುತ್ತಿದ್ದೆವು.

ಗೌಡತಿ ಬಂದದ್ದು ಮೂರನೆಯ ದಿನ. ನಮ್ಮ ತಗಡಿನ ಶೆಡ್ಡಿನ ಆಚೆ ಮುಳ್ಳುಮರದ ತುದಿಯಲ್ಲಿ ಒಂದು ಮುಖ ಕಾಣಿಸಿತು. ಎಡಗಿವಿ ಹರಿದಿತ್ತು. ಕೆಳಗೆ ಅವಳ ಮರಿ, ಅದೇ ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ಎಲೆ ಮೆಲ್ಲುತ್ತ ನಾವು ಕಲ್ಲು ಇಳಿಸುವುದನ್ನು ಅವಳು ಒಂದು ತಾಸು ನೋಡಿದಳು.

"ನಮ್ಮ ಆಡಕಿ ಗೌಡತಿ ಹಿಂಗೇ ನೋಡು," ಎಂದ ಭೀಮಣ್ಣ. "ಕೆಲಸ ನಡದಲ್ಲಿ ಬಂದು ನಿಂದ್ರತಾಳ. ಏನೂ ಅನ್ನಂಗಿಲ್ಲ. ಆದ್ರೂ ನಮ್ಮ ಕೈ ನಡಗ್ತಾವ."

ಅಂದಿನಿಂದ ಅವಳಿಗೆ ಗೌಡತಿ ಎಂದೇ ಹೆಸರು. ಮುಟುವಾ ಜಿರಾಫೆಗೆ ಟ್ವಿಗಾ ಎನ್ನುತ್ತಿದ್ದ. ಈ ನೆಲ ಬಿಟ್ಟರೆ ದುನಿಯಾದಲ್ಲಿ ಇನ್ನೆಲ್ಲೂ ಇದು ತಾನಾಗಿ ಹುಟ್ಟಿ ತಿರುಗಾಡುವುದಿಲ್ಲ, ಬೋನಿನಲ್ಲಿ ಇದ್ದರೆ ಇಲ್ಲಿಂದ ಹಿಡಿದು ಒಯ್ದದ್ದು ಎಂದ. ನಿಮ್ಮ ಕಡೆ ಹಾಗೆ ನಿಮ್ಮದೇ ಅನ್ನುವಂಥದ್ದು ಏನಿದೆ ಎಂದು ಕೇಳಿದ. ಭೀಮಣ್ಣ ಚಿಗರಿಯ ಬಗ್ಗೆ ಹೇಳಿದ. ತಿರುಚಿದ ಕೊಂಬು, ಗಂಡಿಗೆ ಕಪ್ಪು ಬೆನ್ನು; ಜಿಗಿದರೆ ಜೋಳದ ತೆನೆಯ ಮೇಲಿಂದ ದಾಟುತ್ತದೆ. ಅವನು ಸಣ್ಣವನಿದ್ದಾಗ ಆಡಕಿಯ ಎರೆಹೊಲದಲ್ಲಿ ಹಿಂಡು ದಾಟುವವರೆಗೆ ಬಂಡಿ ನಿಲ್ಲಿಸಬೇಕಾಗುತ್ತಿತ್ತಂತೆ. ಈಗ ಎಷ್ಟಿವೆ ಎಂದ ಮುಟುವಾ. ಭೀಮಣ್ಣ ಬೆರಳು ಎತ್ತಿದವನು ಎಣಿಸದೆ ಕೈ ಇಳಿಸಿದ.

ಎತ್ತರದ ಜಗಳ ಅಂದೇ ಸುರುವಾಯಿತು. ನಮಗೆ ಅಡಿ, ಗಜ ಬರುವುದಿಲ್ಲವೆಂದಲ್ಲ. ಕಣ್ಣು ಮಾತ್ರ ಎಲ್ಲವನ್ನೂ ಫರ್ಸಿಯಲ್ಲೇ ಅಳೆಯುತ್ತದೆ. ಭೀಮಣ್ಣ ಆರು ಫರ್ಸಿ ಎಂದ. ನಾನು ಎಂಟು ಎಂದೆ.

"ಆರಕ್ಕಿಂತ ಒಂದ್ ಬೆರಳ್ ಹೆಚ್ಚಿಲ್ಲ. ಅನುಮಾನ ಇದ್ರ ಏಣಿ ಹಚ್ಚಿ ಅಳದ್ ಬಾ ಹೋಗು. ನೀ ಮ್ಯಾಲ ಹತ್ತಿದ್ಮ್ಯಾಲ ಅದು ನಡದ್ರ, ನೈರೋಬಿಗೇ ಇಳೀತಿ."

ದಿನವೂ ಸಂಜೆ ಇದೇ ಮಾತು. ನಿಂತ ಗೌಡತಿಯನ್ನು ಅಳೆಯುವುದು ಹೇಗೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಹೊಂಡದ ಅಂಗಳ

ಹೊಂಡ ಖಾಲಿ ಮಾಡಿಸಿ ಕೆಸರು ಎತ್ತಿಸಿದೆವು. ನೀರಿನ ಕಡೆಗೆ ಸಣ್ಣ ಇಳಿಜಾರು ಕೊಟ್ಟು ಗಚ್ಚು ಹಾಕಿ ಒಂದೊಂದೇ ಕಲ್ಲು ಕೂರಿಸಿದೆ. ಸಂದಿನಲ್ಲಿ ನೂಲು ತೂರುವಷ್ಟೂ ಜಾಗ ಬಿಡಲಿಲ್ಲ. ಎರಡೂವರೆ ತಿಂಗಳು ಮೊಳಕಾಲ ಮೇಲೆ ಕೆಲಸ. ಆ ದಿನಗಳಲ್ಲಿ ಪ್ರಾಣಿಗಳು ದೂರದ ಹೊಳೆಗೆ ಹೋಗಿ ನೀರು ಕುಡಿದು ಬರುತ್ತಿದ್ದವು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಬರೆಯಬೇಕು. ಸೇಠರು ಕೇಳಿದ್ದು ಕೆಸರಾಗಬಾರದು ಎಂದಷ್ಟೇ. ಕನ್ನಡಿಯಂತೆ ಹೊಳೆಯಲಿ ಎಂದು ಅವರು ಹೇಳಿರಲಿಲ್ಲ. ಹೇಳಿದವನು ನಾನು. ಕುರುಂದದ ಕಲ್ಲಿನಿಂದ ಮೂರು ಸಲ ಉಜ್ಜಬೇಕು ಎಂದು ಭೀಮಣ್ಣನಿಗೆ ಅಪ್ಪಣೆ ಕೊಟ್ಟೆ. ಸಾಹೇಬರು, ಮೇಮ್‌ಸಾಹೇಬರು ಬಂದು ನೋಡುವ ಜಾಗ. ಶಹಾಬಾದು ಎಂಬ ಊರೊಂದಿದೆ ಎಂದು ಅವರಿಗೆ ತಿಳಿಯಬೇಕು ಎಂಬುದು ನನ್ನ ಆಸೆ.

ಎರಡನೆಯ ಸಲ ಉಜ್ಜಿದ ಮೇಲೆ ಭೀಮಣ್ಣ ಕಲ್ಲು ಕೆಳಗಿಟ್ಟು ಕುಳಿತ.

"ಮೌಲಾ, ಇದು ದನಾ ನೀರ್ ಕುಡಿಯೋ ಜಾಗಾ. ಟಾಕಿ ಹೊಡ್ಯಾಮ್."

ಟಾಕಿ ಎಂದರೆ ಉಳಿಯಿಂದ ಕಲ್ಲಿನ ಮೈಯನ್ನು ಸಣ್ಣಗೆ ಕುಕ್ಕಿ ಒರಟು ಮಾಡುವುದು. ಬೀಸುವ ಕಲ್ಲಿಗೆ ಹೊಡೆಯುತ್ತೇವಲ್ಲ, ಅದೇ. ನಮ್ಮ ಕಡೆ ಕೊಟ್ಟಿಗೆಗೆ, ಬಾವಿಯ ಕಟ್ಟೆಗೆ ಟಾಕಿ ಇಲ್ಲದ ಫರ್ಸಿ ಹಾಸುವ ಗೌಂಡಿ ಇಲ್ಲ. ಗೊರಸು ಜಾರಬಾರದು, ಕೊಡ ಹೊತ್ತ ಹೆಣ್ಣುಮಕ್ಕಳು ಬೀಳಬಾರದು. ಹನ್ನೆರಡು ವರ್ಷದವನಿದ್ದಾಗ ನನ್ನ ಅಪ್ಪ ನನಗೆ ಕಲಿಸಿದ ಮೊದಲ ಕೆಲಸ ಅದೇ ಆಗಿತ್ತು.

"ಎಮ್ಮಿ ಕಟ್ಟಾಕ ಸಮುದ್ರ ದಾಟಿ ಬಂದೀವೇನು?" ಎಂದೆ. "ಸೇಡಂ ತಾಲೂಕ ಬಿಟ್ಟು ಬಂದಿ, ಖರೆ ನಿನ್ನ ತಲ್ಯಾಗಿನ ಕೊಟಗಿ ಬಿಟ್ಟು ಬಂದಿಲ್ಲ ನೀ."

ಆಚೆ ನಿಂತಿದ್ದ ಕೂಲಿಗಳಿಗೆ ಮಾತು ತಿಳಿಯದಿದ್ದರೂ ನನ್ನ ಧಾಟಿಗೆ ನಕ್ಕರು. ಭೀಮಣ್ಣ ಮತ್ತೆ ಕುರುಂದದ ಕಲ್ಲು ಹಿಡಿದ. ಮೂರನೆಯ ಸಲವೂ ಉಜ್ಜಿದ. ಎಲ್ಲ ಮುಗಿದ ಮೇಲೆ ನೀರಂಚಿನ ಮೂಲೆಯ ಕಲ್ಲಿನಲ್ಲಿ ನಾನು ದುಂಡಗೆ ಶಹಾಬಾದ ಎಂದು ಕೊರೆದೆ, ಕೆಳಗೆ ನನ್ನ ಹೆಸರು. ಅವನ ಹೆಸರು ಕೊರೆಯಲು ಜಾಗ ಇತ್ತು. ನೆನಪಾಗಲಿಲ್ಲ.

ಹಂದಿ ಜಾರಿದ ಬೆಳಿಗ್ಗೆ

ನೀರು ತುಂಬಿಸಿದ ಮರುದಿನ ಮೊದಲು ಬಂದವು ಕೋರೆ ಹಂದಿಗಳು. ಬಾಲ ನೆಟ್ಟಗೆ ಮಾಡಿಕೊಂಡು ಸಾಲಾಗಿ ಓಡಿಬಂದವು. ಮೊದಲನೆಯದು ಅಂಗಳಕ್ಕೆ ಕಾಲಿಟ್ಟದ್ದೇ ಕುಂಡೆಯ ಮೇಲೆ ಕುಳಿತು ಸೊರ್ರನೆ ನೀರಿಗೆ ಹೋಯಿತು. ಹಿಂದಿನವೂ ಹಾಗೇ. ಅಡುಗೆಮನೆಯವರೆಲ್ಲ ಹೊರಗೆ ಬಂದು ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಭೀಮಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಹಂದಿ ಜಾರಿದರೆ ಹಂದಿಗೆ ಏನೂ ಆಗುವುದಿಲ್ಲ ಎಂದೆ, ಅವನು ಕೇಳುವ ಮೊದಲೇ.

ಮುಟುವಾ ಬಂದು ಕುಕ್ಕರಗಾಲಲ್ಲಿ ಕುಳಿತು ಅಂಗೈಯಿಂದ ಕಲ್ಲನ್ನು ಸವರಿದ. ಬಹಳ ಹೊತ್ತು ಸವರಿದ. ಆಮೇಲೆ ಮರ್ಯಾದೆಯಿಂದಲೇ ಕೇಳಿದ: ಫುಂಡಿ, ಇದರ ಚಂದವನ್ನು ಸ್ವಲ್ಪ ಕಡಿಮೆ ಮಾಡಲು ಆಗುತ್ತದೆಯೇ?

ಎರಡೂವರೆ ತಿಂಗಳು ಮೊಳಕಾಲು ಸವೆಸಿದವನಿಗೆ ಈ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆಗುವುದಿಲ್ಲ ಎಂದೆ. ಸುಳ್ಳು. ಉಳಿ ನನ್ನ ಚೀಲದಲ್ಲೇ ಇತ್ತು. ಅತಿಥಿಗಳನ್ನು ಕರೆದು ಹೊಂಡ ತೋರಿಸುವ ಸಮಾರಂಭಕ್ಕೆ ಇನ್ನೂ ನಾಲ್ಕು ದಿನವಿತ್ತು. ನೀರಂಚಿನ ನಾಲ್ಕು ಸಾಲಿಗೆ ಟಾಕಿ ಹೊಡೆಯಲು ಇಬ್ಬರಿಗೆ ಮೂರು ದಿನ ಸಾಕಾಗಿತ್ತು. ಈ ಲೆಕ್ಕವನ್ನು ಆಮೇಲೆ ಎಷ್ಟು ಸಲ ಮಾಡಿದ್ದೇನೋ ನನಗೇ ತಿಳಿಯದು.

ಅತಿಥಿಗಳು ಬಂದ ಸಂಜೆ

ಬಿಸಿಲು ಇನ್ನೂ ಮರದ ಮೇಲಿತ್ತು. ಜಗುಲಿಯಲ್ಲಿ ಅತಿಥಿಗಳು ಚಹಾ ಕುಡಿಯುತ್ತಿದ್ದರು. ನಾನು ಹೊಸ ಅಂಗಿ ತೊಟ್ಟು ಕಂಬದ ಪಕ್ಕ ನಿಂತಿದ್ದೆ. ಸೇಠರು ನನ್ನ ಹೆಗಲ ಮೇಲೆ ಕೈಯಿಟ್ಟು, ಇವನೇ ಹಾಸಿದ್ದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಭೀಮಣ್ಣ ಹಿಂದೆ ಗೋಡೆಗೆ ಒರಗಿದ್ದ.

ಗೌಡತಿ ಬಂದಳು. ಹರಿದ ಕಿವಿಯಿಂದಲೇ ಗುರುತು ಹಿಡಿದೆ. ಹಿಂದೆ ಮರಿ. ಆ ವಾರ ಹೊಳೆಯೂ ಬತ್ತುತ್ತ ಬಂದಿತ್ತು. ಅಂಗಳದ ಅಂಚಿನಲ್ಲಿ ಬಹಳ ಹೊತ್ತು ನಿಂತು ನೀರನ್ನೂ ನಮ್ಮನ್ನೂ ನೋಡಿದಳು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟಳು, ಬೀಳಲಿಲ್ಲ. ನನಗೆ ಹೆಮ್ಮೆಯಾಯಿತು.

ಅದು ನೀರು ಕುಡಿಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕುತ್ತಿಗೆ ಅಷ್ಟು ಉದ್ದವಿದ್ದರೂ ನೆಲ ಮುಟ್ಟುವುದಿಲ್ಲ. ಮುಂಗಾಲುಗಳನ್ನು ಅಗಲ ಮಾಡಬೇಕು. ಸುಣ್ಣ ಬಳಿಯುವವರ ಜೋಡು ಏಣಿ ಅಗಲವಾಗುವ ಹಾಗೆ, ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ, ಮತ್ತೊಂದಿಷ್ಟು. ಆ ಕಾಲುಗಳು ಅಗಲವಾಗುವುದನ್ನು ನೋಡಿದ ಗಳಿಗೆಯಲ್ಲೇ ನನಗೆ ತಿಳಿಯಿತು. ಇದೂ ದನವೇ. ಇದಕ್ಕೂ ಗೊರಸೇ.

ಒಂದು ಸಲ ಕುಡಿದು ತಲೆ ಎತ್ತಿದಳು. ಬಾಯಿಯ ನೀರು ಕಲ್ಲಿನ ಮೇಲೆ ಚೆಲ್ಲಿತು. ಎರಡನೆಯ ಸಲ ಬಗ್ಗಿದಾಗ ಎಡಗಾಲು ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಎದೆ ಕಲ್ಲಿಗೆ ಬಡಿದ ಸದ್ದು ಜಗುಲಿಯವರೆಗೆ ಬಂತು. ಅದು ಕೂತಿತೆಂದುಕೊಂಡು ಒಬ್ಬ ಮೇಮ್‌ಸಾಹೇಬರು ಚಪ್ಪಾಳೆ ತಟ್ಟಿದರು. ಆಮೇಲೆ ಬಲಗಾಲೂ ಹೋಯಿತು. ಏಳಲು ಹೊರಟಳು, ಗೊರಸಿಗೆ ಹಿಡಿತ ಸಿಗಲಿಲ್ಲ. ಮತ್ತೆ, ಮತ್ತೆ. ಕಲ್ಲಿನ ಮೇಲೆ ಗೊರಸು ಉಜ್ಜುವ ಆ ಸದ್ದು ನನಗೆ ಪರಿಚಯದ್ದು. ಎರಡೂವರೆ ತಿಂಗಳು ಭೀಮಣ್ಣನ ಕೈಯಲ್ಲಿ ಕೇಳಿದ್ದೆ.

ನಾನು ಮರಳಿನ ಬುಟ್ಟಿ ಹೊತ್ತು ಓಡಿದೆ. ಮುಟುವಾ ಅಡ್ಡ ಬಂದು ಹಿಡಿದ; ಅದು ಒದ್ದರೆ ಸಿಂಹವೂ ಸಾಯುತ್ತದೆ ಎಂದ. ದೂರದಿಂದಲೇ ಮರಳು ಎರಚಿದೆವು. ಭೀಮಣ್ಣ ಗೋಣಿಚೀಲ ತಂದ, ಲಾಡ್ಜಿನ ನಾರಿನ ಚಾಪೆ ಕಿತ್ತು ತಂದ, ಅವಳ ಕಾಲಡಿಗೆ ಬಿದಿರಿನಿಂದ ತಳ್ಳಿದ. ಒಂದು ಸಲ ಅರ್ಧ ಎದ್ದಳು. ಎಡ ಮುಂಗಾಲು ಭುಜದ ಹತ್ತಿರ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹಾಗೇ ಪಕ್ಕಕ್ಕೆ ಬಿದ್ದಳು. ಆಮೇಲೆ ಏಳಲು ನೋಡಲಿಲ್ಲ. ಇಷ್ಟೆಲ್ಲ ನಡೆಯುವಾಗ ಅದರ ಗಂಟಲಿನಿಂದ ಒಂದು ಸದ್ದೂ ಬರಲಿಲ್ಲ. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು.

ಅತಿಥಿಗಳನ್ನು ಒಳಗೆ ಕರೆದೊಯ್ದರು. ಮುಟುವಾ ಸೇಠರ ಹತ್ತಿರ ಎರಡು ಮಾತು ಆಡಿ ಬಂದು ಹೆಗಲಿಂದ ಬಂದೂಕು ಇಳಿಸಿದ. ಭೀಮಣ್ಣ ಅವನಿಗೆ ತಡಿ ಎಂದು ಕೈ ಮಾಡಿದ. ಹೊಂಡಕ್ಕೆ ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡ. ಮೊಳಕಾಲ ಮೇಲೆ ಹೋಗಿ ಅವಳ ಬಾಯಿಗೆ ಬಿಟ್ಟ, ನಮ್ಮಲ್ಲಿ ಹೋಗುವ ಜೀವಕ್ಕೆ ಬಿಡುವ ಹಾಗೆ. ಮುಟುವಾ ಬೇಡ ಎನ್ನಲಿಲ್ಲ.

"ನೀರಿಗಂತ ಬಂದಿದ್ದಿ," ಎಂದು ಭೀಮಣ್ಣ ಅವಳಿಗೆ ಹೇಳಿದ. "ಕುಡಿ ತಾಯಿ."

ಒಂದೇ ಗುಂಡು.

ಕುತ್ತಿಗೆ ಕಲ್ಲಿನ ಸಾಲಿನ ಗುಂಟ ನೆಟ್ಟಗೆ ಚಾಚಿ ಬಿದ್ದಿತ್ತು. ಅಳೆಯಬೇಕೆಂದು ಅಳೆದದ್ದಲ್ಲ. ಹುಟ್ಟಾ ಗೌಂಡಿಯ ಕಣ್ಣು, ಸಂದುಗಳನ್ನು ತಾನಾಗಿ ಎಣಿಸಿತು. ಹಿಂಗಾಲ ಗೊರಸಿನಿಂದ ನೆತ್ತಿಯ ಕೊಂಬಿನವರೆಗೆ ಏಳು. ತಲೆ ಎತ್ತಿದರೆ ಭೀಮಣ್ಣನ ತುಟಿಯೂ ಅಲುಗಿ ನಿಂತಿತ್ತು. ಅವನು ಆರು ಎಂದಿದ್ದ, ನಾನು ಎಂಟು.

ಉಳಿ

ಮರುದಿನ ಬೆಳಿಗ್ಗೆ ಒಬ್ಬ ಇಂಗ್ಲೆಂಡಿನ ಮುದುಕರು ಬಂದು ಅಂಗಳವನ್ನು ಕೋಲಿನಿಂದ ತಟ್ಟಿ, ಬಹಳ ಚೆನ್ನಾಗಿದೆ, ಎಲ್ಲಿಯ ಕಲ್ಲು ಎಂದು ಕೇಳಿದರು. ಈ ಒಂದು ಪ್ರಶ್ನೆಗಾಗಿ ನಾನು ಅಷ್ಟೆಲ್ಲ ಉಜ್ಜಿಸಿದ್ದೆ. ಗೊತ್ತಿಲ್ಲ ಎಂದೆ.

ಸೇಠರು ಸಿಟ್ಟಾಗಲಿಲ್ಲ. ಒಂದು ಪ್ರಾಣಿ ತಾನೇ, ಕಾಡಿನ ತುಂಬ ಇವೆ, ನಾರಿನ ಚಾಪೆ ಹಾಸಿದರಾಯಿತು ಎಂದರು. ಟಾಕಿ ಹೊಡೆಯುತ್ತೇನೆ ಎಂದಾಗ ಮಾತ್ರ ಅವರ ಮುಖ ಕೆಟ್ಟಿತು. ಇಷ್ಟು ಚಂದದ ಕೆಲಸವನ್ನು ನಿನ್ನ ಕೈಯಿಂದಲೇ ಕೆಡಿಸುತ್ತೀಯಾ ಎಂದರು. ಕೆಡಿಸಿ ಆಗಿದೆ ಸೇಠಜಿ ಎಂದೆ. ಉಳಿ ತೆಗೆದುಕೊಂಡು ಕುಳಿತೆ. ಮೊದಲು ಕುಕ್ಕಿದ್ದು ಮೂಲೆಯ ಕಲ್ಲನ್ನು. ನನ್ನ ಹೆಸರು ಬೇಗ ಹೋಯಿತು, ಶಹಾಬಾದ ಹೋಗಲು ಹೊತ್ತು ಹಿಡಿಯಿತು.

ಭೀಮಣ್ಣ ಕರೆಯದೆಯೇ ಬಂದು ಎದುರಿನ ಸಾಲಿನಲ್ಲಿ ಕುಳಿತ. ಇಡೀ ಅಂಗಳವನ್ನು ಐದು ದಿನ ಕುಕ್ಕಿದೆವು. ನಾಲ್ಕು ದಿನ ಅವನು ಊಟಕ್ಕೆ ಕರೆದದ್ದು ಬಿಟ್ಟರೆ ಮಾತಾಡಲಿಲ್ಲ. ಐದನೆಯ ದಿನ ನನಗೆ ತಡೆಯಲಾಗಲಿಲ್ಲ.

"ಅಂದುಬಿಡು ಭೀಮಣ್ಣ," ಎಂದೆ. "ನಾ ಹೇಳಿದ್ದೆ ಅಂತ ಒಮ್ಮಿ ಅಂದುಬಿಡು."

ಅವನು ಉಳಿ ನಿಲ್ಲಿಸಲಿಲ್ಲ.

"ಅಂದ್ರ ನಿನಗ ಹಗರ ಆಗ್ತದ. ಅದಕ್ಕ ಅನ್ನಂಗಿಲ್ಲ." ಇನ್ನೊಂದು ಕಲ್ಲಿಗೆ ಸರಿದು ಕುಳಿತ ಮೇಲೆ ಹೇಳಿದ: "ಮತ್ತ ನೀ ಒಬ್ಬನೇ ಹೊರಬ್ಯಾಡ ಅದನ್ನ. ಮೂರನೇ ಸಲ ಉಜ್ಜಿದ ಕೈ ನಂದು. ಬ್ಯಾಡ ಅಂತ ಎದ್ದು ಹೋಗಬೇಕಿತ್ತು, ಹೋಗಲಿಲ್ಲ."

ಮರಿ ದಿನವೂ ಸಂಜೆ ಬರುತ್ತಿತ್ತು. ಎಲೆ ತಿನ್ನುವಷ್ಟು ಬೆಳೆದಿದೆ, ಹಾಲಿಲ್ಲದಿದ್ದರೂ ಬದುಕೀತು, ಸಿಂಹದ ಕಣ್ಣಿಗೆ ಬೀಳಬಾರದು ಅಷ್ಟೇ ಎಂದ ಮುಟುವಾ. ನಾವು ದೂರ ಸರಿದು ಜಾಗ ಬಿಟ್ಟುಕೊಡುತ್ತಿದ್ದೆವು. ಅಂಗಳ ದಿನದಿನಕ್ಕೆ ಒರಟಾಗುತ್ತ ಬಂತು. ಪಟ್ಟೆ ಕುದುರೆಗಳು ಬಂದು ಗಟ್ಟಿಯಾಗಿ ನಿಂತು ಕುಡಿದು ಹೋದವು. ಹಂದಿಗಳೂ ಜಾರಲಿಲ್ಲ. ಮರಿ ಮಾತ್ರ ಅಂಚಿಗೆ ಬಂದು ಒಂದು ಕಾಲು ಎತ್ತುತ್ತಿತ್ತು. ಎತ್ತಿದ ಕಾಲನ್ನು ಕಲ್ಲಿನ ಮೇಲೆ ಇಡುತ್ತಿರಲಿಲ್ಲ. ಹಾಗೇ ಹಿಂದಕ್ಕೆ ಇಟ್ಟು, ನೀರನ್ನು ನೋಡುತ್ತ ನಿಲ್ಲುತ್ತಿತ್ತು. ಕತ್ತಲಾಗುವ ಮೊದಲು ಹೊಳೆಯ ಕಡೆ ಹೋಗುತ್ತಿತ್ತು, ಒಂಟಿಯಾಗಿ. ದೂರದ ಆ ದಾರಿಯಲ್ಲೇ ಸಿಂಹಗಳಿದ್ದದ್ದು.

ಆರನೆಯ ಸಂಜೆ ಅದು ಬರಲಿಲ್ಲ. ಏಳನೆಯ ಸಂಜೆಯೂ. ಮುಟುವಾ ಬೆಳಿಗ್ಗೆ ಹೊಳೆಯ ಕಡೆ ತಿರುಗಾಡಿ ಬಂದು ಬಂದೂಕನ್ನು ಗೋಡೆಗೆ ಒರಗಿಸಿ ಚಹಾ ಕೇಳಿದ. ನಮ್ಮ ಮೈ ಹೇಗಿದೆ, ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂದು ಪೂರಾ ವಿಚಾರಿಸಿದ. ನಾನೂ ಅವನ ಮನೆಯವರನ್ನೆಲ್ಲ ಕೇಳಿದೆ. ಮರಿಯ ಮಾತು ಇಬ್ಬರೂ ಎತ್ತಲಿಲ್ಲ.

ನಾವು ಹೊರಡುವವರೆಗೆ ಆ ಜಾತಿಯ ಒಂದು ಪ್ರಾಣಿಯೂ ಹೊಂಡಕ್ಕೆ ಬರಲಿಲ್ಲ. ಬಂದಿದ್ದರೆ ಜಾರುತ್ತಿರಲಿಲ್ಲ. ಅದನ್ನು ಅವುಗಳಿಗೆ ಹೇಳುವುದು ಹೇಗೆ?

ಮತ್ತೆ ವಾಡಿ

ರೈಲು ವಾಡಿಗೆ ಬಂದಾಗ ಮಧ್ಯಾಹ್ನ. ಮಳೆ ಆಗತಾನೆ ನಿಂತಿತ್ತು. ಎರಡೂ ಮನೆಯವರು ಬಂದಿದ್ದರು. ಎಲ್ಲರೂ ನಮ್ಮ ಮೈ ಕಪ್ಪಾಗಿದೆ, ಇಳಿದು ಹೋಗಿದ್ದೀರಿ ಎಂದರು. ನಾಗಮ್ಮ ವೈನಿ ಮಾತ್ರ ಒಪ್ಪಿಸಿದ ಕೆಲಸ ಮರೆತಿರಲಿಲ್ಲ. ಗಂಡನ ಕಡೆ ನೋಡದೆ ನನ್ನನ್ನೇ ಕೇಳಿದಳು.

"ನೋಡಿದ್ರೇನು ಅದನ್ನ? ಎಷ್ಟ್ ಎತ್ತರ ಅದ?"

ಹಿಂದಿನಿಂದ ಭೀಮಣ್ಣ ಹೇಳಿದ.

"ಏಳು ಫರ್ಸಿ."

ವೈನಿ ಪ್ಲಾಟ್‌ಫಾರ್ಮಿನ ದೀಪದ ಕಂಬದ ಬುಡದಿಂದ ಕಣ್ಣಲ್ಲೇ ಒಂದೊಂದು ಫರ್ಸಿ ನಿಲ್ಲಿಸುತ್ತ ಮೇಲೆ ಹೋದಳು. ಏಳಾಗುವಷ್ಟರಲ್ಲಿ ಅವಳ ಸೆರಗು ತಲೆಯಿಂದ ಜಾರಿತ್ತು. ಖುಷಿಯಾಗಿತ್ತು ಅವಳಿಗೆ.

"ಯವ್ವಾ," ಎಂದಳು. "ಅಷ್ಟ್ ಎತ್ತರದ್ದು, ಹೆಂಗ ಅಳದ್ರಿ?"

ಭೀಮಣ್ಣ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ನಡೆದುಬಿಟ್ಟ. ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಕಾಲ ಕೆಳಗಿದ್ದದ್ದೂ ನಮ್ಮ ಫರ್ಸಿಯೇ, ನಾನು ಹುಟ್ಟುವ ಮೊದಲು ಹಾಸಿದ್ದು. ಮಳೆಯಲ್ಲಿ ತೊಯ್ದಿತ್ತು, ಹೊಳೆಯುತ್ತಿರಲಿಲ್ಲ. ಜನ ಗಂಟುಮೂಟೆ ಹೊತ್ತು ಅದರ ಮೇಲೆ ಧಡಧಡ ಓಡುತ್ತಿದ್ದರು, ಒಬ್ಬರೂ ಬೀಳುತ್ತಿರಲಿಲ್ಲ. ಹೆಸರು ಬರೆದಿಡದ ಯಾವನೋ ಗೌಂಡಿ ಈ ತುದಿಯಿಂದ ಆ ತುದಿಯವರೆಗೆ ಪ್ರತಿಯೊಂದು ಕಲ್ಲಿಗೂ ಟಾಕಿ ಹೊಡೆದು ಹೋಗಿದ್ದ.